ಔಡಲ ಎಲೆಯ ಬಾಡಿಗೆದಾರರು

ನೂರಾ ಇಪ್ಪತ್ತು ರೂಪಾಯಿ! ಕೋಠಿಯ ಫುಟ್‌ಪಾತಿನವನು ಮುನ್ನೂರು ಹೇಳಿದ್ದ ಭೂತಗನ್ನಡಿಯನ್ನು, ಎದ್ದು ಹೋಗುವ ನಾಟಕವಾಡಿ ಅಷ್ಟಕ್ಕೆ ತಂದೆ. ಯಾಕೆ? ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ರೈಲ್ವೆ ನೌಕರಿಯಿಂದ ನಿವೃತ್ತರಾಗಿದ್ದರು. ಮಲ್ಕಾಜ್‌ಗಿರಿಯ ಮನೆಯಲ್ಲಿ ಕೂತು ಆರಾಮಾಗಿ ಪೇಪರ್ ಓದಲಿ ಎಂದು. ಅವರು ಓದಿದ್ದೇನು ಗೊತ್ತೇ? ಹುಳದ ಹಿಕ್ಕೆ! ಹಿಕ್ಕೆ ನೋಡಿ ಹುಳದ ಕುಲ ಹೇಳಬಲ್ಲ ಬಂಧು ಇಡೀ ಹೈದರಾಬಾದಿನಲ್ಲಿ ನನಗೊಬ್ಬನಿಗೇ ಇರುವುದು.

ಖಾಲಿ ಜಾಗ ಕಂಡಲ್ಲೆಲ್ಲ ತಾನೇ ಹುಟ್ಟುವ ಔಡಲ ಗಿಡ ನಿಮಗೂ ಗೊತ್ತು. ಅದರ ಎಲೆಯ ಮೇಲೆ ಸುಣ್ಣದಲ್ಲಿ ಗೀಚಿದಂತೆ ಸೊಟ್ಟ ಬಿಳಿ ಗೆರೆಗಳಿರುತ್ತವೆ. ನಾನದನ್ನು ರೋಗ ಎಂದುಕೊಂಡಿದ್ದೆ. ಅಲ್ಲವಂತೆ. ಎಲೆಯ ಎರಡು ಪದರಗಳ ನಡುವೆ ಮರಿಹುಳವೊಂದು ಉಣ್ಣುತ್ತ, ಸುರಂಗ ಕೊರೆಯುತ್ತ ಹೋದ ದಾರಿಯಂತೆ! ಷಡ್ಡಕರು ಒಂದು ಎಲೆ ತೋರಿಸಿದರು.

"ಬಿಸಲಿಗೆ ಹಿಡೀರಿ ಸಾವ್ಕಾರ್ರ. ಗೆರಿಯೊಳಗ ಹಿಕ್ಕಿಯ ಕರೇ ಚುಕ್ಕಿ ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ ಬಿದ್ದಾವಲ್ಲ? ಇದು ನೊಣದ ಮರಿ. ಮಗ್ಗಲಾಗಿ ಮಲಗೇ ತಿಂತೈತಿ, ಹೊರಳಾಡಿಕೋತ."

"ನಾ ಮಲಗಿ ತಿಂದ್ರ ನಿಮ್ಮ ನಾದಿನಿ ತಾಟು ಕಸಗೋತಾಳ್ರಿ ಅಣ್ಣಾರ!"

"ನಡುವ ಒಂದ ಸಾಲು ಇದ್ರ ಪತಂಗದ್ದು. ಔಡಲದಾಗ ಅದು ನನಗಿನ್ನೂ ಸಿಕ್ಕಿಲ್ಲ ನೋಡ್ರಿ," ಎಂದು ನಿಟ್ಟುಸಿರು ಬಿಟ್ಟರು. ಮಗಳಿಗೆ ವರ ಸಿಗದವರೂ ಹಾಗೆ ನಿಟ್ಟುಸಿರು ಬಿಡುವುದಿಲ್ಲ.

ಕೂಕಟ್‌ಪಲ್ಲಿಯ ನಮ್ಮ ಮನೆಗೆ ಬಂದಾಗ ಅವರನ್ನು ತರಕಾರಿ ಬಜಾರಿಗೆ ಕರೆದುಕೊಂಡು ಹೋದದ್ದು ನನ್ನ ವ್ಯಾಪಾರಿ ಜೀವನದ ಕಪ್ಪು ದಿನ. ನಾನು ಪಾಲಕ್ ಸೊಪ್ಪನ್ನು ಜಗ್ಗಾಡಿ ಅರ್ಧಕ್ಕೆ ಇಳಿಸಿದ್ದೆ. ಇವರು ಗೆರೆ ಬಿದ್ದ ಸೂಡನ್ನೇ ಆರಿಸಿ, ಪೂರಾ ರೇಟು ಕೊಟ್ಟರು! "ಒಳಗ ಬಾಡಿಗಿದಾರ ಅದಾನ್ರಿ, ಚೌಕಾಸಿ ಹೆಂಗ ಮಾಡೂದು?" ಮುಂದಿನ ವಾರ ಆ ಸೊಪ್ಪಿನಾಕೆ ನಮ್ಮನ್ನು ಕಂಡವಳೇ "ಪುರುಗುಲ ಸಾರ್ ಒಚ್ಚಿಂಡ್ರು!" ಎಂದು, ಹುಳದ ಸಾರ್ ಬಂದರೆಂಬ ಸಂಭ್ರಮದಲ್ಲಿ, ಹುಳುಕು ಸೂಡುಗಳನ್ನು ಬೇರೆ ಬುಟ್ಟಿಯಿಂದ ತೆಗೆದಳು. ರೇಟು? ಒಳ್ಳೆಯ ಸೊಪ್ಪಿಗಿಂತ ಹೆಚ್ಚು!

ಇಂಥವರನ್ನು ನಾನು ಶಂಶಾಬಾದಿನ ನನ್ನ ಪ್ಲಾಟಿಗೆ ಕರೆದೊಯ್ಯಬಾರದಿತ್ತು. ಪ್ಲಾಟು ನೋಡಲು ಮರುದಿನ ಕೊಳ್ಳುವ ಪಾರ್ಟಿ ಬರುವುದಿತ್ತು. ಒಳಗೆಲ್ಲ ಔಡಲದ ಕಾಡು. ಬೆಳಿಗ್ಗೆ ಗಿಡಗಳ ನಡುವೆ ತಿರುಗಿ ಬಂದ ಷಡ್ಡಕರು ಮನೆಗೆ ಫೋನ್ ಹಚ್ಚಿ ಏನೋ ಪಿಸುಗುಟ್ಟಿದರು. ಆಮೇಲೆ ಜೆಸಿಬಿ ಬಂತು, ಅರ್ಧ ಪ್ಲಾಟು ಚೊಕ್ಕವೂ ಆಯಿತು. ಅಷ್ಟರಲ್ಲಿ ಇವರು ಒಂದು ಗಿಡದ ಮುಂದೆ ಕೈ ಅಗಲಿಸಿ ನಿಂತುಬಿಟ್ಟರು!

"ನಡುಸಾಲು ಸಿಕ್ಕೈತ್ರಿ! ನಾಕ್ ದಿನ ತಡೀರಿ, ಹೊರಗ ಬರತೈತಿ."

"ಎಲಿ ಕಿತ್ಕೊಂಡು ಹೋಗ್ರಿ ಅಣ್ಣಾರ!"

"ಕಿತ್ರ ಎಲಿ ಬಾಡತೈತಿ, ಒಳಗಿಂದು ಸಾಯತೈತಿ."

ಗಂಟೆಯ ಲೆಕ್ಕದಲ್ಲಿ ದುಡ್ಡೆಣಿಸುವ ಜೆಸಿಬಿಯವನು, ಅವರನ್ನು ಪಕ್ಕಕ್ಕೆ ಸರಿಸಿ ಎಂದು ಮೇಲಿನಿಂದಲೇ ಕೂಗಿದ: "ಅಂಕಲ್ ಕೂ ಬಾಜೂ ಕರೋ ಸೇಟ್, ಮೀಟರ್ ಚಾಲೂ ಹೈ!"

ನನಗೆ ಸಿಟ್ಟು ನೆತ್ತಿಗೇರಿತು. "ಅದು ಯಾವ ಹುಳ ಆದ್ರ ಯಾರಿಗೇನ್ರಿ?"

ಷಡ್ಡಕರು ಕೈ ಇಳಿಸಲಿಲ್ಲ, ದನಿ ಇಳಿಸಿದರು. "ಅಕಿಗೆ ಹೇಳಿಬಿಟ್ಟೀನ್ರಿ, ಸಿಕ್ಕೈತಿ ಅಂತ."

ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಅವರ ಹೆಂಡತಿ, ನಮ್ಮ ಅಕ್ಕಾರು, ಆಪರೇಶನ್ ಆದಮೇಲೂ ಮಂಚ ಬಿಟ್ಟಿರಲಿಲ್ಲ. ನಡೆಯಬೇಕೆಂದು ಡಾಕ್ಟರು ಹೇಳಿ ಸೋತಿದ್ದರು. ಹೆದರಿಕೆ, ಕಾಲು ನೆಲಕ್ಕೆ ತಾಗಿದರೇ ಅಳು.

"ಊಟ ಕೇಳಂಗಿಲ್ಲ, ಮಂದಿ ಸುದ್ದಿ ಕೇಳಂಗಿಲ್ಲ. ಸಂಜಿಗೆ ಒಂದ ಮಾತು ಕೇಳ್ತಾಳ: ಇವತ್ತು ಎಲಿಯೊಳಗ ಯಾರು ಸಿಕ್ರು ಅಂತ. ಅದನ್ನೂ ಕೇಳೂದು ಬಿಟ್ರ ನಾ ಏನ್ ಮಾಡ್ಲಿ?"

ನಾನು ಜೆಸಿಬಿಯವನ ಕಡೆ ತಿರುಗಿದೆ. "ಅದೊಂದು ಗಿಡ ಬಿಟ್ಟು ತೆಗೆಯಪ್ಪ." ರೇಟು ಕಡಿಮೆ ಮಾಡು ಎನ್ನಲೂ ಇಲ್ಲ. ಮರುದಿನ ಪಾರ್ಟಿಯವರು "ಅದೊಂದ್ಯಾಕ ಬಿಟ್ಟೀರಿ?" ಎಂದಾಗ "ವಾಸ್ತು" ಎಂದೆ. ಗೌರವದಿಂದ ಸುತ್ತು ಹಾಕಿ ಹೋದರು!

ಎಲೆಗೆ ತೆಳು ಬಟ್ಟೆಯ ಚೀಲ ಕಟ್ಟಿದ್ದೆವು. ಕೆಲವು ದಿನಗಳ ಮೇಲೆ ಚೀಲದೊಳಗೆ ಏನೋ ಮಿಸುಕಿತು. ಅದನ್ನು ಇಣುಕಿ ನೋಡದೆ ಹಾಗೇ ಸೀಸೆಗೆ ಇಳಿಸಿ, ಮಲ್ಕಾಜ್‌ಗಿರಿಗೆ ಒಯ್ದು, ಮಂಚದ ಪಕ್ಕ ಹಿಡಿದೆವು. ಷಡ್ಡಕರ ಮುಖ ಇಳಿಯಿತು. ಪತಂಗವಲ್ಲ. ಎಳ್ಳಿಗಿಂತ ಸಣ್ಣ, ಹಸಿರು ಮಿಂಚಿನ ಕಣಜ! ಪತಂಗದ ಮರಿಯೊಳಗೇ ಯಾವಳೋ ತಾಯಿ ಕಣಜ ಮೊಟ್ಟೆಯಿಟ್ಟು ಹೋಗಿದ್ದಳು; ಆ ಮರಿಯನ್ನು ತಿಂದೇ ಇದು ಬೆಳೆದಿತ್ತು.

"ಅಂದ್ರ ಮನಿ ಕಟ್ಟಿದವರು ಯಾರೋ, ಹೊರಗ ಬಂದವರು ಯಾರೋ!" ಅಕ್ಕಾರು ನಕ್ಕರು. ಆ ನಗು ಕೇಳಿ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. ಅಕ್ಕಾರು ಗಂಡನ ಕಡೆ ತಿರುಗಿದರು: "ಹಂಗಾರ ಅದು ಯಾವ ಪತಂಗ ಅನ್ನೂದು ತಿಳೀಲೇ ಇಲ್ಲಲ್ರಿ?"

"ಇಲ್ಲ," ಎಂದರು ಷಡ್ಡಕರು, ಫೇಲಾದ ಹುಡುಗನಂತೆ. "ಇನ್ನೊಂದು ಎಲಿ ಹುಡುಕಬೇಕು."

"ನಿಮ್ಮ ಒಬ್ಬರ ಕಣ್ಣಿಗೆ ಅದು ಸಿಗಂಗಿಲ್ಲ ಬಿಡ್ರಿ. ಎಲ್ಲಿ, ಕೈ ಕೊಡ್ರಿ. ಮೊದಲ ಕಿಡಕಿ ಮಟಾ ಹೋಗಿ ನೋಡೂಣು." ಅಕ್ಕಾರ ಕಾಲು ಮಂಚದಿಂದ ಇಳಿಯಿತು. ಅಳಲಿಲ್ಲ. ಅಳುತ್ತಿದ್ದವರು ಷಡ್ಡಕರು.

ಆದ್ದರಿಂದ ಅನುಭವದ ಮೇಲೆ ಹೇಳುತ್ತೇನೆ, ಕೇಳಿ. ಪ್ಲಾಟು ಚೊಕ್ಕ ಮಾಡಿಸುವುದಿದ್ದರೆ, ಯಾವ ಗಿಡ ಬಿಡಬೇಕೆಂದು ಮೀಟರ್ ಶುರುವಾಗುವ ಮೊದಲೇ ಹೇಳಿ. ಎಲೆ ಕೀಳಬೇಡಿ, ಚೀಲ ಕಟ್ಟಿ, ಕಾಯಿರಿ. ಸೀಸೆಯಲ್ಲಿ ಏನು ಬಂತೆಂದು ಮೊದಲು ನೀವೇ ಇಣುಕಬೇಡಿ. ಮನೆಯಲ್ಲಿ ಮಲಗಿದವರಿದ್ದರೆ, ಮೊದಲು ಅವರಿಗೆ ತೋರಿಸಿ.