ಬಚ್ಚಲಿನಿಂದ ಬಂದ ಪ್ರವಾಹ

ನನ್ನ ಮನೆಗೆ ಮಳೆ ನೀರು ನುಗ್ಗುವುದಿಲ್ಲ ಎಂದು ಐದು ತಾಲ್ಲೂಕಿಗೆ ಕೇಳುವ ಹಾಗೆ ಹೇಳಿಕೊಂಡು ತಿರುಗಿದವನು ನಾನು. ಕೂಡ್ಲಿಗಿಯ ಷಡ್ಡಕನಿಗೆ ಹೇಳಿದ್ದೆ, ಹಡಗಲಿಯ ಬೀಗರಿಗೆ ಹೇಳಿದ್ದೆ, ಹರಪನಹಳ್ಳಿ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ್ದೆ. ಕಾರಣವಿತ್ತು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಬೀದಿಯಿಂದ ಮೂರು ಮೆಟ್ಟಿಲು ಎತ್ತರಕ್ಕೆ ಕಟ್ಟಿಸಿದ ಮನೆ ನನ್ನದೊಂದೇ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ‘ಮುಂದಾಲೋಚನೆ’ ಎಂಬ ವಿಷಯದ ಮೇಲೆ ಪ್ರತಿ ವರ್ಷ ಪ್ರಬಂಧ ಬರೆಸುವವನು ಅದನ್ನು ಮನೆ ಕಟ್ಟುವಾಗ ಬಳಸದಿದ್ದರೆ ಹೇಗೆ?

ಆ ದಿನ ಸಂಜೆ ನಾಲ್ಕಕ್ಕೆ ಹಗರಿಬೊಮ್ಮನಹಳ್ಳಿಯಿಂದ ನಾದಿನಿಯ ಫೋನು ಬಂತು.

"ಭಾವ, ನಮ್ಮ ಓಣ್ಯಾಗ ಮೊಣಕಾಲ ಮಟ ನೀರು! ಸಿಡ್ಲು ಹೊಡದು ಕರೆಂಟೂ ಹೋಗೈತಿ. ಮ್ವಾಡ ನಿಮ್ಮ ಕಡಿಗೇ ಹೊಂಟಾವು, ಹುಷಾರಿ."

ನನಗೆ ಸಿಟ್ಟು ಬಂತು. ಮಳೆಯ ಮೇಲಲ್ಲ, ನಾದಿನಿಯ ಮೇಲೆ!

"ಮನಿ ಕಟ್ಟುವಾಗ ತಲಿ ಓಡಿಸ್ಬೇಕವ್ವಾ. ಮೂರು ಮೆಟ್ಲು ಇಡ್ಸ್ರಿ ಅಂತ ನಿಮ್ಮ ಯಜಮಾನ್ರಿಗೆ ಬಡಕೊಂಡೆ. ಕೇಳಿದ್ರಾ?" ಎಂದು ಶುರು ಮಾಡಿದವನು, ಅವಳು ನೀರಿನಲ್ಲಿ ನಿಂತಿದ್ದಾಳೆ ಎಂಬುದನ್ನು ಮರೆತು ಹನ್ನೊಂದು ನಿಮಿಷ ಪಾಠ ಮಾಡಿದೆ. ಪಾಠದ ನಡುವೆ ಆಕಾಶ ಕಪ್ಪಾಯಿತು. ಗುಡುಗಿಗೆ ಕಿಟಕಿಯ ಗಾಜು ಗಡಗಡ ಅಂದಿತು. ಫೋನು ಕಟ್ಟಾಯಿತು. ಸಿಗ್ನಲ್ ಹೋಯಿತೋ, ನಾದಿನಿಯೇ ಇಟ್ಟಳೋ, ಇವತ್ತಿಗೂ ಗೊತ್ತಿಲ್ಲ.

ಮಳೆ ಅಂದರೆ ಮಳೆ! ಯಾರೋ ಮೇಲೆ ನಿಂತು ಕೊಡಗಟ್ಟಲೆ ಸುರಿಯುತ್ತಿದ್ದ ಹಾಗೆ. ನಾನು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಓಣಿ ತುಂಬಿತು. ಹಾಲಿನ ಕವರು, ಗುಟ್ಕಾ ಚೀಟಿ, ಯಾವುದೋ ಮದುವೆಯ ಊಟದ ತಟ್ಟೆಗಳು, ನಾವೇ ವರ್ಷವಿಡೀ ಚರಂಡಿಗೆ ತುರುಕಿದ್ದೆಲ್ಲ ಮೆರವಣಿಗೆ ಹೊರಟವು. ಮೊದಲನೇ ಮೆಟ್ಟಿಲು ಮುಳುಗಿತು. ನಾನು ನಕ್ಕೆ. ಎರಡನೆಯದು ಮುಳುಗಿತು. ಆಗಲೂ ನಕ್ಕೆ. ನೀರು ಮೂರನೆಯದರ ಅಂಚಿಗೆ ಬಂದು ನಿಂತುಬಿಟ್ಟಿತು!

"ನೋಡಿದ್ಯಾ ಗಿರಿಜಾ!" ಎಂದು ಹೆಂಡತಿಯನ್ನು ಕೂಗಿದೆ.

"ನೋಡಾಕ ಹತ್ತೀನ್ರಿ. ನೀವು ಸ್ವಲ್ಪ ಹಿಂದಕ ತಿರುಗಿ ನೋಡ್ರಿ."

ತಿರುಗಿದೆ. ಬಚ್ಚಲಿನ ಕಡೆಯಿಂದ ನನ್ನ ತಂಬಿಗೆ ತೇಲಿಕೊಂಡು ಬರುತ್ತಿತ್ತು. ಅದರ ಹಿಂದೆ ಸೋಪಿನ ಡಬ್ಬಿ. ಅದರ ಹಿಂದೆ ಕಪ್ಪು ನೀರು. ನಮಗಿಂತ ಎತ್ತರದ ಹಿಂದಿನ ಓಣಿಯ ಚರಂಡಿ ಕಟ್ಟಿಕೊಂಡು, ಬಚ್ಚಲ ತೂತಿನಿಂದಲೇ ಪ್ರವಾಹ ಒಳಗೆ ಬಂದಿತ್ತು. ಅದಕ್ಕೆ ಮೆಟ್ಟಿಲು ಹತ್ತುವ ಅಗತ್ಯವೇ ಇರಲಿಲ್ಲ!

ತಕ್ಷಣ ಕಾರ್ಯಪ್ರವೃತ್ತನಾದೆ. ದಿಂಬು ತಂದು ತೂತಿಗೆ ತುರುಕಿದೆ. ದಿಂಬು ಹಾರಿ ಎದೆಗೆ ಬಡಿಯಿತು. ಮತ್ತೆ ತುರುಕಿ ಅದರ ಮೇಲೆ ಕೂತೆ. ನೀರು ನನ್ನನ್ನೂ ಎತ್ತಿತು. ಕೈಲಾಗದ ಸಿಟ್ಟಿನಲ್ಲಿ ಎದ್ದು ಹೋಗಿ, ಇನ್ನು ಮುಂದಿನಿಂದ ಒಂದು ಹನಿಯೂ ಬರಬಾರದೆಂದು ಮುಂಬಾಗಿಲು ಹಾಕಿ ಚಿಲಕ ಜಡಿದು, ಸಂದಿಗೆಲ್ಲ ಗೋಣಿಚೀಲ ಒತ್ತಿದೆ. ಈಗ ಹಿಂದಿನಿಂದ ಬಂದ ನೀರಿಗೆ ಹೊರಗೆ ಹೋಗುವ ದಾರಿಯೂ ಇಲ್ಲವಾಯಿತು. ಮನೆ ಕೆರೆಯಾಯಿತು.

"ಬಾಗ್ಲಾ ತೆಗೀರಿ!"

"ತೆಗದ್ರ ಹೊರಗಿನ ನೀರು ಒಳಗ ಬರ್ತೈತಿ!"

"ಒಳಗ ನಮಗ ಮೊಣಕಾಲ ಮಟ ಆಗೈತಿ, ಹೊರಗ ಇನ್ನೂ ಮೆಟ್ಲ ಕೆಳಗ ಐತ್ರಿ! ಯಾವ ನೀರು ಯಾವ ಕಡೀಗೆ ಹರೀತೈತಿ, ನೀವಾ ಹೇಳ್ರಿ!"

ಅಕ್ಕಿ ಚೀಲ ನೆನೆಯುತ್ತಿತ್ತು, ನಾವು ವಾದ ಮಾಡುತ್ತಿದ್ದೆವು. ಆಗ ಪಕ್ಕದಿಂದ ದೊಪ್ಪನೆ ಒಂದು ಸದ್ದು ಬಂತು. ಗುಡುಗಲ್ಲ. ನೆಲದ ಸದ್ದು.

ಗಿರಿಜಾ ನನ್ನ ಗೋಣಿಚೀಲಗಳನ್ನು ಕಿತ್ತೆಸೆದು, ಬಾಗಿಲು ತೆಗೆದು ಓಡಿದಳು. ಒಳಗಿನ ನೀರೂ ಅವಳ ಹಿಂದೆಯೇ ಹೊರಗೆ ಓಡಿತು. ಪಕ್ಕದ್ದು ದುರುಗಮ್ಮನ ಮನೆ. ಆಕೆ ಕೂಲಿಗೆ ಹೋಗುವವಳು. ಮಣ್ಣಿನ ಗೋಡೆ, ಮೇಲೆ ತಗಡು, ಒಳಗೆ ಎರಡು ಆಡು. ನಾಲ್ಕು ಗೋಡೆಯಲ್ಲಿ ಒಂದು ನೆಲಕ್ಕೆ ಕೂತಿತ್ತು. ದೇವರ ದಯೆ, ಆಕೆ ಆ ಹೊತ್ತಿಗೆ ಆಡುಗಳನ್ನು ಬಿಚ್ಚಿಕೊಂಡು ಈಚೆ ಬಂದಿದ್ದಳಂತೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಹೆಂಗಸರು ತಲಾ ಒಂದು ಆಡು ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಆಡುಗಳನ್ನು ನನ್ನ ಮಂಚದ ಮೇಲೆ ನಿಲ್ಲಿಸಿದರು. ನಾನು ಮಂಚದ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ. ಗಿರಿಜಾ ನೋಡಿದ ನೋಟಕ್ಕೆ ಮುಚ್ಚಿದೆ.

ಮರುದಿನ ಬೆಳಿಗ್ಗೆ ನನ್ನ ಸಿಟ್ಟು ಅಧಿಕೃತ ರೂಪ ಪಡೆಯಿತು. ಪರಿಹಾರ ಕೇಳಿ ಅರ್ಜಿ ಬರೆಯಲು ಕೂತೆ. ‘ಘನ ಸನ್ನಿಧಾನಕ್ಕೆ, ಈ ಮೂಲಕ ಅತ್ಯಂತ ವ್ಯಥೆಯಿಂದ ನಿವೇದಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗಿ ನಾಲ್ಕು ಪುಟ ಹೋಯಿತು. ಬಚ್ಚಲಿಗೇ ಒಂದು ಪುಟ! ನಾನು ಬರೆಯುತ್ತಿದ್ದಾಗ ಗಿರಿಜಾ ಮತ್ತು ದುರುಗಮ್ಮ ಕೆಸರು ಬಳಿಯುತ್ತಿದ್ದರು. ಪೊರಕೆ ಹತ್ತಿರ ಬಂದಾಗಲೆಲ್ಲ ನಾನು ಕಾಲು ಎತ್ತಿ ಸಹಕರಿಸಿದೆ.

ತಾಲ್ಲೂಕು ಕಚೇರಿಯಲ್ಲಿ ಜನವೋ ಜನ. ಮೆಕ್ಕೆಜೋಳದ ರಾಶಿ ಕೊಚ್ಚಿ ಹೋದವರು, ಎಮ್ಮೆ ಕಳೆದುಕೊಂಡವರು, ಕಾನಹೊಸಹಳ್ಳಿ ಕಡೆಯ ಹಳ್ಳದಲ್ಲಿ ಬೈಕು ಬಿಟ್ಟು ಬಂದವರು. ನಾನು ಅವರನ್ನೆಲ್ಲ ದಾಟಿ ಮುಂದೆ ಹೋಗಿ ಮೇಜು ಕುಟ್ಟಿದೆ. ಅಲ್ಲಿದ್ದಾತ ನಾಲ್ಕು ಪುಟವನ್ನೂ ತಿರುವಿ, ತಾಳ್ಮೆಯಿಂದ ಹೇಳಿದ: "ಮಧ್ಯಾಹ್ನ ಬರ್ತೀನಿ ಸಾರ್. ಫೋಟೋ ತಗೀಬೇಕು. ಹಾನಿ ಆಗಿದ್ದು ಕಣ್ಣಿಗೆ ಕಾಣ್ಬೇಕು, ಅಷ್ಟಾ."

ಮನೆಗೆ ಬಂದು ನೋಡುತ್ತೇನೆ, ನೆಲ ಫಳಫಳ ಹೊಳೆಯುತ್ತಿದೆ! ಹೊಸ್ತಿಲಿಗೆ ರಂಗೋಲಿ ಬೇರೆ! ಹಾನಿ ಎಂಬುದು ಹುಡುಕಿದರೂ ಇಲ್ಲ. ಇಬ್ಬರು ಹೆಂಗಸರು ಸೇರಿ ನನ್ನ ನಾಲ್ಕು ಪುಟದ ಸಾಕ್ಷ್ಯವನ್ನು ಫಿನಾಯಿಲು ಹಾಕಿ ಒರೆಸಿದ್ದರು. ಕೂಗಾಡೋಣವೆಂದರೆ ಅವರೂ ಇಲ್ಲ. ಬಿದ್ದ ಗೋಡೆಯ ಕೆಳಗಿನ ಪಾತ್ರೆ ತೆಗೆಯಲು ದುರುಗಮ್ಮನ ಮನೆಗೆ ಹೋಗಿದ್ದರು.

ಸಿಟ್ಟಿನಲ್ಲಿದ್ದ ಮನುಷ್ಯ ಎಷ್ಟು ದುಡಿಯಬಲ್ಲ ಎಂಬುದು ಅವತ್ತು ಗೊತ್ತಾಯಿತು. ಬಕೆಟ್ಟು ಹಿಡಿದು ಚರಂಡಿಗೆ ಹೋದೆ. ಒಂದಲ್ಲ, ಎರಡಲ್ಲ, ಆರು ಬಕೆಟ್ಟು ಕೆಸರು ತಂದು ನಡುಮನೆಯಲ್ಲಿ ಸುರಿದೆ. ಮೂರನೆಯ ಬಕೆಟ್ಟಿಗೆ ಜಾರಿ ಬಿದ್ದು, ಸೊಂಟದಿಂದಲೇ ಸ್ವಲ್ಪ ಭಾಗ ಹರಡಿದೆ. ತಂಬಿಗೆಯನ್ನು ಕೆಸರಿನಲ್ಲಿ ಓರೆಯಾಗಿ ನೆಟ್ಟೆ. ಒಂದು ಚಪ್ಪಲಿ ಎಸೆದೆ. ಕೊನೆಗೆ ಅಂಗೈಯಲ್ಲಿ ಕೆಸರು ತೆಗೆದುಕೊಂಡು, ನೀರು ನಿಂತ ಗೆರೆಯನ್ನು ಗೋಡೆಗೆ ಎಳೆದೆ. ಮೊಣಕಾಲಿಗೆ ಎಳೆಯಬೇಕಾದದ್ದನ್ನು, ಕೈ ಸಲೀಸಾಗಿ ಆಡುತ್ತದೆಂದು ಎದೆಯ ಮಟ್ಟಕ್ಕೆ ಎಳೆದೆ!

ಕಚೇರಿಯಾತ ಹೇಳಿದ ಹಾಗೆ ಬಂದ. ಬೆಳಗಿನಿಂದ ಹೊಲ, ಹಳ್ಳ ಅಲೆದು ಅವನ ಪ್ಯಾಂಟು ಮೊಣಕಾಲವರೆಗೆ ಮಣ್ಣಾಗಿತ್ತು. ಬಾಗಿಲಲ್ಲೇ ನಿಂತು ನೋಡಿದ.

"ಗೋಡಿ ಯಾವ್ದು ಬಿದ್ದೈತ್ರಿ ಸಾರ್?"

"ಬಿದ್ದಿಲ್ಲ. ಆದ್ರ ಬೀಳೋ ಸ್ಥಿತ್ಯಾಗ ಅದಾವು!" ಎಂದು ಗೋಡೆಯನ್ನು ಗುದ್ದಿ ತೋರಿಸಿದೆ. ಗೋಡೆ ಜಗ್ಗಲಿಲ್ಲ. ಕೈ ಊದಿತು.

ಆತ ಗೋಡೆಯ ಗೆರೆಯನ್ನೇ ನೋಡಿದ. ಆಮೇಲೆ ಉಳಿದ ಗೋಡೆಗಳನ್ನು ಒಂದೊಂದಾಗಿ ನೋಡಿದ. "ಅಲ್ರಿ ಸಾರ್, ನೀರು ಈ ಒಂದಾ ಗೋಡಿಗೆ ನಿಂತಿತ್ತೇನು?"

ಉಳಿದ ಮೂರು ಗೋಡೆ ನನಗೆ ಮರೆತೇ ಹೋಗಿತ್ತು!

"ಇಳಿಜಾರು..." ಎಂದೆ.

ಅಷ್ಟರಲ್ಲಿ ದುರುಗಮ್ಮ ಒಳಗೆ ಬಂದಳು. ಕೈಯಲ್ಲಿ ಮಣ್ಣಿನಿಂದ ಅಗೆದು ತೆಗೆದ ಒಂದು ಸೊಟ್ಟ ತಟ್ಟೆ. ನೆಲ ನೋಡಿದ್ದೇ ಹೌಹಾರಿದಳು.

"ಅಯ್ಯಯ್ಯೋ ಮೇಷ್ಟ್ರೇ, ಮತ್ತ ಬಂತೇನ್ರಿ ನೀರು? ಮುಂಜಾನಿ ಎಲ್ಲಾ ನಾನಾ ಬಳದಿದ್ನಲ್ರಿ! ಇರ್ರಿ, ಈಗ ಬಳದು ಬಿಡ್ತೀನಿ." ತಟ್ಟೆ ಕೆಳಗಿಟ್ಟು ಪೊರಕೆ ತೆಗೆದುಕೊಂಡೇಬಿಟ್ಟಳು.

ಆತ ನನ್ನ ಕೈ ನೋಡಿದ. ಮೊಣಕೈವರೆಗೆ ಕೆಸರು. ಆಮೇಲೆ ಅವಳ ಕೈ ನೋಡಿದ.

"ಅಮ್ಮಾ, ನಿನ್ನ ಮನಿ ಯಾವ್ದು?"

"ಅದಾ ನೋಡ್ರಿ," ಎಂದು ಅವಳು ಕಿಟಕಿಯಾಚೆ ಪೊರಕೆಯಿಂದ ತೋರಿಸಿದಳು. ಅಲ್ಲಿ ಮೂರು ಗೋಡೆ ಇದ್ದವು. ಗಿರಿಜಾ ಮಣ್ಣಿನ ಗುಡ್ಡೆಯ ಮೇಲೆ ಬಗ್ಗಿ ಏನೋ ಹುಡುಕುತ್ತಿದ್ದಳು.

"ಅರ್ಜಿ ಕೊಟ್ಟೀಯೇನು?"

"ಇಲ್ರಿ ಸಾಹೇಬ್ರ. ಮುಂಜಾನಿ ಮೇಷ್ಟ್ರ ಮನೀದು ಕೆಲಸಿತ್ತು."

ಆಕೆ ಅದನ್ನು ಚುಚ್ಚಲು ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ನಿನ್ನೆಯಿಂದ ಮಳೆಯ ಮೇಲೆ, ನಾದಿನಿಯ ಮೇಲೆ, ಹೆಂಡತಿಯ ಮೇಲೆ, ಸರ್ಕಾರದ ಮೇಲೆ ಹಂಚಿ ಹಂಚಿ ಖರ್ಚಾಗದೆ ಉಳಿದಿದ್ದ ನನ್ನ ಸಿಟ್ಟೆಲ್ಲ ಒಟ್ಟಿಗೆ ತಿರುಗಿ ನನ್ನ ಮೇಲೇ ಬಂತು. ನಾಲ್ಕು ಪುಟ ಬರೆದಿದ್ದೆ. ಸೋಪಿನ ಡಬ್ಬಿಯ ಹೆಸರಿತ್ತು. ಪಕ್ಕದಲ್ಲೇ ಬಿದ್ದ ಗೋಡೆಯ ಹೆಸರಿರಲಿಲ್ಲ.

"ಓದಿದವ್ರು ನೀವು," ಎಂದು ಆತ ಒಂದೇ ಮಾತು ಹೇಳಿದ. "ಆಕಿ ಅರ್ಜಿ ಬರದು ಕೊಡ್ರಿ. ಇಲ್ಲೇ ನಿಂತಿರ್ತೀನಿ. ಘನ ಸನ್ನಿಧಾನ ಎಲ್ಲಾ ಬ್ಯಾಡ."

ಬರೆದೆ. ‘ಮಳೆಗೆ ನನ್ನ ಮನೆಯ ಗೋಡೆ ಬಿದ್ದಿದೆ. ಇರಲು ಜಾಗವಿಲ್ಲ.’ ಒಂದೂವರೆ ಸಾಲು. ಒಂದು ವಿಶೇಷಣವೂ ಇಲ್ಲದ, ನನ್ನ ಜೀವಮಾನದ ಮೊದಲ ಬರಹ. ಅದೊಂದೇ ಪಾಸಾಗಿದ್ದು! ನನ್ನ ನಾಲ್ಕು ಪುಟವನ್ನು ಆತ ಮಡಚಿ ಗೌರವದಿಂದ ವಾಪಸು ಕೊಟ್ಟ.

ಅವನು ಹೋದ ಮೇಲೆ ಗಿರಿಜಾ ಬಂದಳು. ನೆಲ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ದುರುಗಮ್ಮನ ಕೈಯಿಂದ ಪೊರಕೆ ತೆಗೆದು ನನ್ನ ಕೈಗಿಟ್ಟಳು.

"ನೀವಾ ಹಾಕಿದ್ದು, ನೀವಾ ಬಳೀರಿ."

ಆಮೇಲೆ ಅವರಿಬ್ಬರೂ ಆಡುಗಳ ಜೊತೆ ಮಂಚದ ಮೇಲೆ ಕೂತು ಚಹಾ ಕುಡಿದರು. ಗೋಡೆ ಕಟ್ಟಿ ಮುಗಿಯುವವರೆಗೆ ದುರುಗಮ್ಮ ಇಲ್ಲೇ ಇರುವುದು ಎಂದು ನನ್ನನ್ನು ಕೇಳದೆಯೇ ತೀರ್ಮಾನವಾಯಿತು. ನಾನು ಮೊಣಕಾಲೂರಿ, ಆರು ಬಕೆಟ್ಟು ಕೆಸರನ್ನು ಒಂದೊಂದೇ ಹಿಡಿಯಾಗಿ ತೆಗೆಯುತ್ತಾ ಹೋದೆ.

ದುರುಗಮ್ಮ ಬಹಳ ಸಂಕೋಚದಿಂದ ಬಗ್ಗಿ ನೋಡಿ ಹೇಳಿದಳು: "ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡ್ರಿ. ಆ ಮೂಲ್ಯಾಗ ಇನ್ನೂ ಸ್ವಲ್ಪ ಉಳದೈತಿ."

ಇಪ್ಪತ್ತೆಂಟು ವರ್ಷದಿಂದ ಊರ ಮಕ್ಕಳ ತಪ್ಪು ತಿದ್ದಿದ ನಾನು ತೆವಳಿಕೊಂಡು ಆ ಮೂಲೆಗೆ ಹೋದೆ. ನಿಜವಾಗಿಯೂ ಉಳಿದಿತ್ತು.