ಮಾವನ ಗಂಟಲು

ಹೊಟ್ಟೆನೋವು ಅಂದರೆ ಜನ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಹಲ್ಲುನೋವು ಅಂದರೆ ಅಯ್ಯೋ ಪಾಪ ಅಂದು ಸುಮ್ಮನಾಗುತ್ತಾರೆ. ಗಂಟಲು ನೋವು ಅಂದು ನೋಡಿ, ಕೇಳಿಸಿಕೊಂಡವರೆಲ್ಲ ನಿಂತ ನಿಲುವಿನಲ್ಲೇ ಡಾಕ್ಟರಾಗಿಬಿಡುತ್ತಾರೆ. ನನಗೆ ಇದು ಗೊತ್ತಾದದ್ದು ಹೋದ ಚಳಿಗಾಲದಲ್ಲಿ. ಬೆಳಗಾದರೆ ಗಂಟಲಿಗೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ ಹಾಗಿರುತ್ತಿತ್ತು. ಚಳ್ಳಕೆರೆ ಪೇಟೆಯಲ್ಲಿ ಕಂಬಳಿ ಅಂಗಡಿ ಇಟ್ಟುಕೊಂಡವನಿಗೆ ಗಂಟಲು ಬೇಕೇ ಬೇಕು. ಈ ಕಂಬಳಿ ಚುಚ್ಚುವುದಿಲ್ಲ ಎಂದು ಒಬ್ಬ ಗಿರಾಕಿಯನ್ನು ನಂಬಿಸುವಷ್ಟರಲ್ಲಿ ಅರ್ಧ ದಿನದ ಮಾತು ಖರ್ಚಾಗಿರುತ್ತದೆ.

ಪಕ್ಕದ ಚಪ್ಪಲಿ ಅಂಗಡಿಯ ಸಾಬರು ಮೊದಲ ತೀರ್ಪು ಕೊಟ್ಟರು. "ಭಾಯ್, ಅದು ಉಣ್ಣೆ ಧೂಳು. ಮೂಗಿಗೆ ಬಟ್ಟೆ ಕಟ್ಕೊಳ್ರಿ." ಕಟ್ಟಿಕೊಂಡೆ. ಹಳೇ ಗಿರಾಕಿಗಳು ಅಂಗಡಿ ಕೈಬದಲಾಗಿದೆ ಅಂದುಕೊಂಡು ಮುಂದೆ ಹೋದರು. ನನ್ನ ಹೆಂಡತಿ ಪಾರ್ವತಿಯ ಪ್ರಕಾರ ಎಲ್ಲದಕ್ಕೂ ಕಾರಣ ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. "ತಿಂದು ಹಂಗೇ ಮಲಿಕ್ಕಂತೀರಿ, ಹುಳಿ ಮ್ಯಾಕೆ ಬರ್ತೈತೆ" ಅಂದಳು. ಮೆಡಿಕಲ್ ಶಾಪಿನವನು ಕೇಳದೆಯೇ ಮಾತ್ರೆ ಕಟ್ಟಿಕೊಟ್ಟ. ಇನ್ನು ಮೊಳಕಾಲ್ಮೂರಿನ ನಮ್ಮ ಬೀಗಿತ್ತಿ ಫೋನಿನಲ್ಲೇ ರೋಗ ಹಿಡಿದರು. "ಕೊಂಡನಾಲುಕ ಜಾರಿಂದಿ ಅನ್ನಯ್ಯಾ! ಕಿರುನಾಲಿಗೆ ಬಿದ್ದೈತೆ. ನೆತ್ತಿ ಮ್ಯಾಗಿನ ಕೂದ್ಲು ಹಿಡಿದು ಮ್ಯಾಕೆ ಎಳೀಬೇಕು, ಟಪ್ ಅಂದ್ರೆ ಕೂತ್ಕಂತೈತೆ." ಅವರ ಕಡೆ ಇದು ಹಳೆಯ ಚಿಕಿತ್ಸೆ. ಪಾರ್ವತಿ ಬಲು ಉತ್ಸಾಹದಿಂದ ಎದ್ದು ಬಂದು ನನ್ನ ಹಿಂದೆ ನಿಂತಳು. ನೆತ್ತಿಯ ಮೇಲೆಲ್ಲ ಕೈಯಾಡಿಸಿದಳು. ಆಮೇಲೆ, "ಹಿಡ್ಕಳಾಕೆ ಏನೈತೆ ಇಲ್ಲಿ?" ಅಂದಳು. ನನ್ನ ನೆತ್ತಿ ಬೋಳಾಗಿ ವರ್ಷಗಳೇ ಆಗಿವೆ. ಹೀಗೆ ಒಂದು ಚಿಕಿತ್ಸೆ ಕೈತಪ್ಪಿತು.

ಇಷ್ಟೆಲ್ಲ ಓದಿದ ಮೇಲೆ ನೀವು ನಗುವ ವಿಷಯ ಹೇಳುತ್ತೇನೆ. ನನ್ನ ಸೊಸೆ ಸುನಿತಾ ನರ್ಸು. ದಿನಾ ಬಸ್ಸು ಹತ್ತಿ ಪರಶುರಾಂಪುರದ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಹತ್ತೂರ ಜನರ ಗಂಟಲು ನೋಡಿ ಬರುತ್ತಾಳೆ. ಮನೆಯ ಗಂಟಲು ಮಾತ್ರ ಅವಳಿಗೆ ಕಂಡಿರಲಿಲ್ಲ. ಸೊಸೆಯ ಮುಂದೆ ಮಾವನಾದವನು ಬಾಯಿ ಕಳೆದು ನಾಲಿಗೆ ಚಾಚುವುದು ಅಂದರೇನು? ನಮ್ಮಿಬ್ಬರ ನಡುವೆ ನೇರ ಮಾತೇ ಇರಲಿಲ್ಲ. ಕಾಫಿ ಬೇಕಾ ಎಂದು ಅವಳು ಅತ್ತೆಯನ್ನು ಕೇಳುತ್ತಿದ್ದಳು, ಬೇಕು ಎಂದು ನಾನು ಹೆಂಡತಿಗೆ ಹೇಳುತ್ತಿದ್ದೆ.

ಹಾಗೆಂದು ನನಗೆ ಅವಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವಳು ಬಂದ ಮೇಲೆ ಮನೆಗೆ ಕಳೆ ಬಂದಿತ್ತು. ಅವಳಿಗೆ ನಾನು ತೋರಿಸುತ್ತಿದ್ದ ಮರ್ಯಾದೆಯನ್ನು ನೀವು ನೋಡಬೇಕಿತ್ತು. ಸೊಸೆ ಇರುವ ಮನೆಗೆ ಗಂಡಸು ಬೆಕ್ಕಿನ ಹಾಗೆ ಸದ್ದಿಲ್ಲದೆ ನುಗ್ಗಬಾರದು, ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡು ಸೂಚನೆ ಕೊಡಬೇಕು. ಇದು ನಮ್ಮಪ್ಪ ಕಲಿಸಿದ್ದು. ಅವನು ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲಲ್ಲಿ ಕುರಿ ಕಾಯುತ್ತಿದ್ದವನು, ಮನೆಗೆ ಬರುತ್ತಿದ್ದದ್ದೇ ಅಪರೂಪ. ಬಂದಾಗ ಒಂದು ಸಲ "ಉಹ್ಹೂಂ" ಅಂದರೆ ಮುಗಿಯಿತು. ನನ್ನ ಅಂಗಡಿಯೋ ಮನೆಯ ಮುಂಭಾಗದಲ್ಲೇ ಇದೆ. ನೀರಿಗೆ, ಕಾಫಿಗೆ, ಚಾರ್ಜರಿಗೆ ಅಂತ ದಿನವಿಡೀ ಒಳಗೆ ಹೊರಗೆ ಓಡಾಟ. ಪಡಸಾಲೆಯ ಬಾಗಿಲಲ್ಲಿ ಒಂದು ಉಹ್ಹೂಂ, ಅಡುಗೆಮನೆಯ ಬಾಗಿಲಲ್ಲಿ ಇನ್ನೊಂದು, ಬಚ್ಚಲಿನ ಹತ್ತಿರ ಎರಡು. ಅವಳು ಕೆಲಸಕ್ಕೆ ಹೋಗಿದ್ದರೂ ರೂಢಿ ಬಿಡುತ್ತಿರಲಿಲ್ಲ.

ಒಂದು ದಿನ ಪಾರ್ವತಿ ಸಪ್ಪೆ ಮುಖ ಮಾಡಿಕೊಂಡು, "ಸುನಿತಾ ಪರಶುರಾಂಪುರದಾಗೆ ರೂಮ್ ನೋಡ್ತಾ ಅವ್ಳಂತೆ. ಮಗನೂ ಹೂಂ ಅಂದವ್ನೆ" ಅಂದಳು. ಬಸ್ಸಿನ ತೊಂದರೆ ಇರಬಹುದು ಅಂದೆ. ಅಂದೆನೇ ಹೊರತು ಅವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನೋವಿಗೋ ಬೇರೆ ಯಾವುದಕ್ಕೋ ಎಂದು ಹೇಳಲಾರೆ.

ಆ ಭಾನುವಾರ ಪಾರ್ವತಿ ಹಟ ಹಿಡಿದು ಸೊಸೆಯನ್ನು ಕರೆದಳು. ನಾನು ಪಡಸಾಲೆಯ ಬೆಂಚಿನ ಮೇಲೆ, ಸುನಿತಾ ಅಡುಗೆಮನೆಯ ಹೊಸ್ತಿಲಲ್ಲಿ, ನಡುವೆ ಶೇಂಗಾ ಬಿಡಿಸುತ್ತ ಪಾರ್ವತಿ.

"ಅತ್ತೇ, ಮಾವಾರಿಗೆ ಜ್ವರ ಐತಾ ಕೇಳ್ರಿ."

"ಜ್ವರ ಐತಾ?" ಎಂದು ಪಾರ್ವತಿ ಕಿವುಡನಿಗೆ ಹೇಳುವಂತೆ ಕೂಗಿದಳು.

"ಇಲ್ಲ ಅಂತ ಹೇಳು."

ನೆಗಡಿ, ಕೆಮ್ಮು? ಇಲ್ಲ. ಇದ್ದಿದ್ದರೆ ಬರೀ ಶೀತದ್ದು, ವಾರದೊಳಗೆ ತಾನೇ ಹೋಗುತ್ತಿತ್ತಂತೆ. ಸೀನು, ಕಣ್ಣು ತುರಿಕೆ? ಇಲ್ಲ. ಹಾಗಾದರೆ ಉಣ್ಣೆ ಧೂಳಿನ ಮೇಲೆ ಅನುಮಾನ ಕಡಿಮೆಯಂತೆ. ಎದೆ ಉರಿ, ಬಾಯಿಗೆ ಹುಳಿನೀರು? ಅದೂ ಇಲ್ಲ. ಇದನ್ನು ಕೇಳಿ ಪಾರ್ವತಿಯ ಮುಖ ಇಳಿಯಿತು, ಅವಳ ಮೆಣಸಿನಕಾಯಿ ಕೇಸು ಬಿದ್ದುಹೋಯಿತು. ಆಮೇಲೆ ಸುನಿತಾ, "ಜ್ವರ ಬಂದು, ಕುತ್ತಿಗೆ ಗಂಟು ಊದಿ, ಒಳಗೆ ಬಿಳಿ ಚುಕ್ಕಿ ಕಂಡ್ರೆ ಡಾಕ್ಟ್ರು ಪರೀಕ್ಷೆ ಮಾಡಿ ಔಷ್ದಿ ಕೊಡ್ಬೇಕಾಗ್ತೈತೆ. ನೋಡ್ದಲೆ ಹೆಂಗೆ ಹೇಳಾದು?" ಅಂದಳು.

ಇದು ಹೆಂಡತಿಯ ಮೂಲಕ ನಡೆಯುವ ವ್ಯವಹಾರ ಆಗಿರಲಿಲ್ಲ. ನಾನು ಗೋಡೆ ನೋಡಿದೆ. ಸುನಿತಾ ಮೊಬೈಲಿನ ಟಾರ್ಚ್ ಹಾಕಿಕೊಂಡು ಹೊಸ್ತಿಲು ದಾಟಿ ಬಂದಳು. "ಆ ಅನ್ರಿ ಮಾವ" ಅಂದಳು. ಆ ಅಂದೆ. ಅಷ್ಟು ದಿನ ಹಲ್ಲು ಸಹ ತೋರಿಸದ ಗೌರವಸ್ಥ ಮನುಷ್ಯ ಒಂದೇ ಸಲಕ್ಕೆ ಕಿರುನಾಲಿಗೆಯವರೆಗೆ ಬಯಲಾದೆ.

"ಚುಕ್ಕಿ ಗಿಕ್ಕಿ ಏನಿಲ್ಲ, ಸ್ವಲ್ಪ ಕೆಂಪಗೈತೆ. ಕಿರುನಾಲಿಗೆ ಅದರ ಜಾಗದಾಗೇ ಐತೆ, ಮೊಳಕಾಲ್ಮೂರಿನ ನಮ್ಮವ್ವಂಗೆ ಹೇಳ್ತೀನಿ" ಅಂದಳು.

ನಾಚಿಕೆ ತಡೆಯದೆ ಎದ್ದು ಅಂಗಡಿಗೆ ಹೋದೆ. ಕನ್ನಡಕ ಬೆಂಚಿನ ಮೇಲೆ ಮರೆತಿದ್ದೆ. ತಿರುಗಿ ಬಂದು ಬಾಗಿಲಲ್ಲಿ ರೂಢಿಯಂತೆ "ಉಹ್ಹೂಂ" ಅಂದೆ. ಸುನಿತಾ ಬೆಚ್ಚಿದಳು.

"ಹಿಂಗೆ ಗಂಟಲು ಕೆರೆಯಾದು ಯಾವಾಗಿಂದ ಮಾವ?"

"ನೀನು ಬಂದಾಗಿಂದ್ಲೇ ಕಣವ್ವ" ಎಂದು ಉತ್ತರ ಕೊಟ್ಟವಳು ಪಾರ್ವತಿ. ನಾನು ಹೆಮ್ಮೆಯಿಂದಲೇ ಅಪ್ಪನ ಪಾಠ, ಮರ್ಯಾದೆ, ಸೂಚನೆ ಎಲ್ಲ ವಿವರಿಸಿದೆ. ಸುನಿತಾ ಹೊಸ್ತಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ಮರ್ಯಾದೆನಾ? ನಮ್ಮಪ್ಪ ಮಗ್ಗದಾಗೆ ಎಳೆ ತುಂಡಾದ್ರೆ ಹಿಂಗೇ ಮಾಡೋರು ಮಾವ. ಅದಾದ್ಮ್ಯಾಕೆ ಬೈಗುಳ ಬರೋವು. ನೀವು ನನ್ ಕಂಡ್ರೆ ಗುರ್ ಅಂತೀರಿ, ಇವತ್ತು ಬೈತಾರೆ, ನಾಳೆ ಬೈತಾರೆ ಅಂತ ಕಾಯ್ತಾನೇ ಇದ್ದೆ. ಅದಕ್ಕೇ ರೂಮ್ ನೋಡಿದ್ದು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ದಿನಾ ಬಾಗಿಲು ಬಾಗಿಲಲ್ಲಿ ನಿಂತು ನಾನು ಗೌರವ ಅಂತ ಕೊಟ್ಟದ್ದು ಅವಳಿಗೆ ಭಯವಾಗಿ ತಲುಪಿತ್ತು. ಸುಮ್ಮನೆ ಸುಮ್ಮನೆ ಗಂಟಲು ಕೆರೆದರೆ ಅದು ಹುಣ್ಣಿನಂತಾಗುತ್ತದೆ, ನೋಯುತ್ತದೆ, ಆಗ ಇನ್ನೂ ಕೆರೆಯಬೇಕು ಅನ್ನಿಸುತ್ತದೆ ಎಂದು ಸುನಿತಾ ವಿವರಿಸಿದಳು. ಬಹಳ ದಿನದ ನೋವು, ಡಾಕ್ಟರಿಗೂ ಒಮ್ಮೆ ತೋರಿಸಲೇಬೇಕು ಎಂದು ಮಾರನೆಯ ದಿನ ತಾನೇ ಕರೆದುಕೊಂಡು ಹೋದಳು. ಅವರೂ ನೋಡಿ ಅದನ್ನೇ ಹೇಳಿದರು.

"ಕೆರೀಬೇಕು ಅನ್ಸಿದ್ರೆ ಒಂದು ಗುಟುಕು ನೀರು ಕುಡೀರಿ" ಅಂದಳು ಬರುವಾಗ.

"ಮತ್ತೆ ಒಳಗೆ ಬರೋದು ಹೆಂಗವ್ವ?" ಇದು ನಾನು ಅವಳಿಗೆ ನೇರವಾಗಿ ಕೇಳಿದ ಮೊದಲ ಪ್ರಶ್ನೆ.

"ಸುನಿತಾ ಅಂತ ಕೂಗ್ರಿ. ಹೆಸರು ಇಟ್ಟಿರಾದು ಅದಕ್ಕೇ ಅಲ್ವಾ?"

ಈಗ ಹಾಗೇ ಕೂಗುತ್ತೇನೆ. ಗಂಟಲು ವಾಸಿಯಾಗಿದೆ, ರೂಮಿನ ಮಾತು ಮತ್ತೆ ಬಂದಿಲ್ಲ. ಆದರೆ ಉಹ್ಹೂಂ ನಮ್ಮ ಮನೆ ಬಿಟ್ಟು ಹೋಗಿಲ್ಲ. ಸಂಜೆ ಮಂಡಕ್ಕಿಯ ಜೊತೆ ಒಂದು ಮೆಣಸಿನಕಾಯಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದೆನೋ, ಅಡುಗೆಮನೆಯಿಂದ ಸುನಿತಾಳ ದನಿಯಲ್ಲಿ ಅದು ಕೇಳಿಸುತ್ತದೆ. ಪಾಪ, ಅವಳ ಗಂಟಲಿಗೆ ನೋವಾಗದಿರಲಿ ಎಂದು ನಾನು ಕೂಡಲೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.