ನೀರು ನೋಡಿ ಬರುವ ಮಾವ

ಸೃಷ್ಟಿಸೌಂದರ್ಯದ ಹುಚ್ಚು ನಮ್ಮ ಸೋದರಮಾವನಿಗಿದ್ದಷ್ಟು ಇಡೀ ಶಹಾಪುರದಲ್ಲಿ ಯಾರಿಗೂ ಇರಲಿಲ್ಲ ಎಂದು ಜನ ಹೇಳುತ್ತಿದ್ದರು. ನಾನೂ ನಂಬಿದ್ದೆ, ಒಮ್ಮೆ ಅವನ ಜೊತೆ ಹೋಗಿಬರುವವರೆಗೆ!

ಅವನು ತಹಸೀಲ ಕಚೇರಿಯಲ್ಲಿ ಗುಮಾಸ್ತ. ಮಳೆಗಾಲ ಬಂತೆಂದರೆ ರಜೆಯ ದಿನ ಬುತ್ತಿ ಕಟ್ಟಿಸಿಕೊಂಡು ವನದುರ್ಗದ ಕಡೆಯ ಗುಡ್ಡಕ್ಕೆ ನಡೆದೇ ಹೊರಡುತ್ತಿದ್ದ. ಅಲ್ಲೊಂದು ಜಲಪಾತವಿತ್ತು. ಜಲಪಾತ ಅನ್ನುವುದು ದೊಡ್ಡ ಮಾತಾಯಿತು. ಮಳೆ ಬಿದ್ದ ಮೇಲೆ ನಾಲ್ಕು ದಿನ ಬಂಡೆಯ ಮೇಲಿಂದ ನೀರು ಬೀಳುತ್ತಿತ್ತು. ಸುರಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವನ ಮುಸಲ್ಮಾನ ಗೆಳೆಯ ಆ ಕಡೆಯಿಂದ ನಡೆದು ಬರುತ್ತಿದ್ದ.

ಮಾವನ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದ ನಾನು ಒಮ್ಮೆ ಹಟ ಹಿಡಿದು ಬೆನ್ನು ಹತ್ತಿದೆ. ದಾರಿಯಲ್ಲಿ ತುಂಬಿದ ಕೆರೆ, ಅದರ ಅಂಚಿಗೆ ಬೆಳ್ಳಕ್ಕಿ, ಆಮೇಲೆ ಸೀತಾಫಲದ ಕಾಡು. ಮಾವ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಸ್ವಲ್ಪ ನಿಲ್ಲೋಣವೆಂದರೆ, "ಕೆರಿ ಎಲ್ಲಿಗೂ ಓಡಿ ಹೋಗಂಗಿಲ್ಲ, ನಡಿ" ಅಂದ. ಇದೆಂಥ ಹುಚ್ಚು?

ಉತ್ತರ ಸಿಕ್ಕಿದ್ದು ಬಂಡೆಯ ಹತ್ತಿರ. ಗೆಳೆಯರಿಬ್ಬರೂ ನೀರಿಗೆ ಬೆನ್ನು ಹಾಕಿ ಕುಳಿತರು. ಮಾವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ. ದರ್ಜಿ ತನ್ನ ಗಂಟು ಬಿಚ್ಚಿದ: ನಾಲ್ಕು ಬೇಯಿಸಿದ ಮೊಟ್ಟೆ, ಒಂದು ಉಪ್ಪಿನ ಪೊಟ್ಟಣ! ನಮ್ಮದು ಲಿಂಗ ಕಟ್ಟಿದ ಮನೆ. ಅತ್ತೆ ಮೊಟ್ಟೆಯ ಹೆಸರನ್ನೂ ಹೊಸ್ತಿಲೊಳಗೆ ಬಿಟ್ಟುಕೊಂಡವಳಲ್ಲ. ದರ್ಜಿ ರೊಟ್ಟಿಗೆ ಕೈ ಹಾಕಿದ, ಮಾವ ಮೊಟ್ಟೆಗೆ. ಅತ್ತೆಯ ಮುಂದೆ ಬಾಯಿ ಬಿಟ್ಟರೆ ನನ್ನ ಶಾಲೆ ಅಲ್ಲಿಗೇ ಮುಗಿಯಿತೆಂದು ಎಚ್ಚರಿಸಿದ. ನಾನು ಬಾಯಿ ಬಿಡಲಿಲ್ಲ. ವಿದ್ಯೆಯ ಪ್ರಶ್ನೆ ನೋಡಿ!

ಊರು ಹತ್ತಿರವಾದಂತೆ ಮಾವ ಯಾಲಕ್ಕಿ ಅಗಿಯಲು ಶುರು ಮಾಡಿದ. ಬಾಗಿಲಲ್ಲಿ ನಿಂತ ಅತ್ತೆ ಕೇಳಿದಳು: "ನೀರು ನೋಡಿ ಬಂದವ್ರು ಯಾಲಕ್ಕಿ ಯಾಕ ತಿಂತೀರಿ?"

ಒಂದು ವರ್ಷ ಅತ್ತೆ ತಾನೂ ಬರುವೆನೆಂದಳು. ಬೇಡವೆನ್ನಲು ಕಾರಣ ಬೇಕಲ್ಲ! ಅವಳನ್ನು ದೂರದಿಂದಲೇ ಕಂಡ ದರ್ಜಿ ಗಂಟನ್ನು ಪೊದೆಯೊಳಗೆ ತುರುಕಿದ. ಗೆಳೆಯರಿಬ್ಬರೂ ಅಂದು ಮೊದಲ ಸಲ ನೀರಿನ ಕಡೆ ಮುಖ ಮಾಡಿ, ಸೂತಕದವರಂತೆ ಕುಳಿತರು. ಇಷ್ಟು ಛಂದದ ನೀರು ಎದುರಿಗಿದ್ದೂ ಇವರಿಗೇನಾಗಿದೆ ಎಂದು ಅತ್ತೆ ನನ್ನನ್ನು ಕೇಳಿದಳು. ನಾನು ಕೆಮ್ಮಿದೆ.

ಆಮೇಲೆ ನಿಜಾಮನ ರಾಜ್ಯ ಹೋಯಿತು, ನಾವೆಲ್ಲ ಭಾರತದೊಳಗೆ ಕೂಡಿದೆವು. ಪೇಟೆಯಲ್ಲಿ ಪೇಡೆ ಹಂಚಿದರು. ಆ ಗಲಾಟೆಯ ದಿನಗಳಲ್ಲಿ ಹೆದರಿದ ದರ್ಜಿ ಅಂಗಡಿ ಮುಚ್ಚಿ, ಮಕ್ಕಳು ಮರಿ ಕಟ್ಟಿಕೊಂಡು ಹೈದರಾಬಾದಿಗೆ ಹೋಗಿಬಿಟ್ಟ. ಹೇಳಿ ಹೋಗಲೂ ಆಗಲಿಲ್ಲ. ಮರುವರ್ಷ ಮಳೆ ಚೆನ್ನಾಗಿಯೇ ಆಯಿತು. ಮಾವ ಗುಡ್ಡದ ಕಡೆ ತಲೆಯನ್ನೂ ಹಾಕಲಿಲ್ಲ. ರಜೆಯ ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ, ಊಟವೂ ಕಡಿಮೆಯಾಯಿತು. ನನಗೆ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ತಾನಾಗಿಯೇ ಬುತ್ತಿ ಕಟ್ಟಿ ಅವನ ಕೈಗಿಟ್ಟಳು. ಗುಡ್ಡದಲ್ಲಿ ನೀರು ಬೀಳುತ್ತಿದೆಯಂತೆ, ಹೋಗಿ ಬನ್ನಿ ಎಂದಳು. ಜೊತೆಗೆ ನನ್ನನ್ನೂ ಅಟ್ಟಿದಳು.

ಬಂಡೆಯ ಹತ್ತಿರ ಮಾವ ಗಂಟು ಬಿಚ್ಚಿದ. ರೊಟ್ಟಿ, ಹಿಂಡಿ, ಅದರ ಕೆಳಗೆ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ ಎರಡು ಬೇಯಿಸಿದ ಮೊಟ್ಟೆ. ಅವನು ನನ್ನನ್ನು ದುರುಗುಟ್ಟಿ ನೋಡಿದ. ನಾನು ಹೇಳಿಲ್ಲವೆಂದು ಆಣೆ ಮಾಡಿದೆ. ಹೇಳಬೇಕೇಕೆ? ವರ್ಷಗಟ್ಟಲೆ ಅವನ ಧೋತರದ ನೆರಿಗೆಯಿಂದ ಸಿಪ್ಪೆಯ ಚೂರು ಝಾಡಿಸಿ ಒಗೆದವಳು ಅವಳೇ ಅಲ್ಲವೇ! ಮಾವ ಮೆಲ್ಲಗೆ ತಿರುಗಿ, ನೀರಿನ ಕಡೆ ಮುಖ ಮಾಡಿ ಕುಳಿತು ತಿಂದ.

ಅಂದು ಅವನು ಯಾಲಕ್ಕಿ ಅಗಿಯಲಿಲ್ಲ. ನೀರು ಹೇಗಿತ್ತೆಂದು ಅತ್ತೆ ಕೇಳಿದಳು.

"ಭಾಳ ಛಲೋ ಇತ್ತು," ಅಂದ ಮಾವ. "ಉಪ್ಪೊಂದು ಇರಲಿಲ್ಲ."

ಮುಂದಿನ ಸಲ ಬುತ್ತಿಯಲ್ಲಿ ಉಪ್ಪಿನ ಪೊಟ್ಟಣವಿತ್ತು. ಮೊಟ್ಟೆ ಮಾತ್ರ ನಾಲ್ಕಿದ್ದವು. ಇಷ್ಟೇಕೆ ಎಂದು ಮಾವ ಕೇಳಿದ್ದಕ್ಕೆ ಅತ್ತೆ ಒಲೆಯ ಕಡೆ ತಿರುಗಿ ಹೇಳಿದಳು:

"ಇರಲಿ ಬಿಡ್ರಿ. ದರ್ಜಿ ಅಣ್ಣಾರು ಅಷ್ಟು ದೂರದಿಂದ ನಡಕೊಂಡ ಬಂದ್ರ, ಹಸದಿರ್ತಾರ."